ಅಂಗಡಿ ನಿಮ್ಮದು, ಬೀಗದ ಕೈ ಯಾರದು?

ಕನ್ನಡದ ಹುಡುಗರೇ, ಹುಡುಗಿಯರೇ! ಅಂಗಡಿ ಬೋರ್ಡಿನಲ್ಲಿ ಕನ್ನಡ ಮೇಲಿರಲಿ ಎಂದು ಬೀದಿಗಿಳಿದು ಕೂಗುತ್ತೀರಿ. ಸಂತೋಷ. ಅದೇ ನೀವು ರಾತ್ರಿ ಮನೆಗೆ ಹೋಗಿ ಸಂಘಕ್ಕೋ ಅಣ್ಣನ ಅಂಗಡಿಗೋ ಮೊದಲ ವೆಬ್‌ಸೈಟ್ ಮಾಡಲು ಕೂತಾಗ ಏನು ಮಾಡುತ್ತೀರಿ? ಜಾಹೀರಾತಿನಲ್ಲಿ ಕಂಡ ಯಾವುದೋ ವೆಬ್‌ಸೈಟ್ ಬಿಲ್ಡರ್ ತೆರೆದು, ಚೆಂದದ ಇಂಗ್ಲಿಷ್ ಟೆಂಪ್ಲೇಟ್ ಆರಿಸಿ, ಕನ್ನಡ ಸರಿಯಾಗಿ ಕೂರದಿದ್ದರೆ ಚಿತ್ರ ಮಾಡಿ ಅಂಟಿಸಿ ಏಳುತ್ತೀರಿ! ಚಿತ್ರದೊಳಗಿನ ಕನ್ನಡ ಹುಡುಕಿದರೆ ನೆಟ್ಟಗೆ ಸಿಗುವುದಿಲ್ಲ, ತಿದ್ದಲು ಬರುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳುವುದಿಲ್ಲ. ಇದು ಕನ್ನಡವೋ, ಕನ್ನಡದ ಫೋಟೋವೋ?

ನಾನು ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದವನು. ಇಂಜಿನಿಯರ್ ಅಲ್ಲ. ಆದರೆ ಅಕ್ಷರ ಎಲ್ಲಿ ಮುರಿಯುತ್ತದೆ ಎಂಬುದು ನನ್ನ ಕಣ್ಣಿಗೆ ಗೊತ್ತು. ಹಾಗಿದ್ದೂ ಪ್ರೆಸ್ಸಿಗೆ ಸೈಟ್ ಮಾಡುವಾಗ ನಾನೇ ಮುಗ್ಗರಿಸಿದೆ. ಪೇಜ್‌ಮೇಕರ್‌ನಲ್ಲಿದ್ದ ಹಳೇ ಫಾಂಟಿನ ಸಾಲುಗಳನ್ನು ಹಾಗೇ ತಂದು ಸುರಿದೆ. ತೆರೆಯ ಮೇಲೆ ಬಂದದ್ದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ! ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ರೂಪ ಕೂರಿಸಿದಂಥವು. ಫಾಂಟ್ ಹೋದರೆ ಕನ್ನಡವೂ ಹೋಯಿತು. ಯೂನಿಕೋಡ್‌ನಲ್ಲಿ ಹಾಗಲ್ಲ, 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಮನೆಯಿದೆ. ಹಳೇ ಬರಹ ಇದ್ದರೆ ಯೂನಿಕೋಡ್‌ಗೆ ಪರಿವರ್ತಿಸಿಕೊಂಡೇ ಬಿಲ್ಡರ್ ಮುಟ್ಟಿ.

ಎರಡನೇ ಪೆಟ್ಟು ಜೇಬಿಗೆ. ಕಂಪನಿಯ ಹೆಸರು ಬೇಡ. ಮೊದಲ ವರ್ಷ ಬಿಟ್ಟಿ ಎನ್ನುವಷ್ಟು ಅಗ್ಗ, ಎರಡನೇ ವರ್ಷ ಮೂರು ಪಟ್ಟು! ಬೇರೆ ಕಡೆ ಹೋಗುತ್ತೇನೆಂದರೆ ಪುಟಗಳನ್ನು ಹೊತ್ತೊಯ್ಯುವ ದಾರಿಯೇ ಇಲ್ಲ. ಒಂದೊಂದೇ ಕಾಪಿ ಮಾಡುತ್ತಾ ನಾಲ್ಕು ರಾತ್ರಿ ಕೂತೆ. ನಮ್ಮಪ್ಪ ಬಾಡಿಗೆ ಅಂಗಡಿ ಖಾಲಿ ಮಾಡಿದಾಗ ಟ್ರೆಡಲ್ ಮಶೀನು, ಅಚ್ಚುಮೊಳೆ ಎಲ್ಲವನ್ನೂ ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದರು. ಮಾಲೀಕ ಬಾಕಿ ಬಾಡಿಗೆ ಕೇಳಬಹುದಿತ್ತು, ಮೊಳೆ ಇಟ್ಟುಕೊಳ್ಳುವಂತಿರಲಿಲ್ಲ!

ಆದ್ದರಿಂದ ಟೆಂಪ್ಲೇಟಿನ ಅಂದ ಆಮೇಲೆ ನೋಡಿ, ಹೊರಗೆ ಬರುವ ಬಾಗಿಲು ಮೊದಲು ಹುಡುಕಿ. ವಿಕ್ಸ್ ಹೊಸಬರಿಗೆ ಸುಲಭ, ಒಪ್ಪುತ್ತೇನೆ. ಎಳೆದು ಬಿಟ್ಟರೆ ಪುಟ ಸಿದ್ಧ. ಆದರೆ ಅಲ್ಲಿ ಕಟ್ಟಿದ ಸೈಟನ್ನು ಇಡಿಯಾಗಿ ಬೇರೆ ಸರ್ವರಿಗೆ ಒಯ್ಯಲಾಗದು, ಇದನ್ನು ಆ ಕಂಪನಿಯೇ ಹೇಳುತ್ತದೆ. ವರ್ಡ್‌ಪ್ರೆಸ್ 2003ರಿಂದ ಇರುವ ಮುಕ್ತ ತಂತ್ರಾಂಶ. ಬರಹವೆಲ್ಲ ಒಂದು ಕಡತವಾಗಿ ಹೊರಬರುತ್ತದೆ, ಇನ್ನೊಂದು ಹೋಸ್ಟಿಂಗ್‌ನಲ್ಲಿ ಮತ್ತೆ ನಿಲ್ಲಿಸಬಹುದು. ಕಲಿಯಲು ಹೆಚ್ಚು ದಿನ ಬೇಕು. ಬೇಕಾದರೆ ಬೇಕು! ಕಾಸಿಲ್ಲವೇ? ಗೂಗಲ್‌ನ ಬ್ಲಾಗರ್ ಉಚಿತ, ಬರಹದ ಬ್ಯಾಕಪ್ ಇಳಿಸಿಕೊಳ್ಳಲು ಬಿಡುತ್ತದೆ. ತಿಂಗಳಿಗೊಮ್ಮೆ ಇಳಿಸಿಕೊಳ್ಳಿ. ದೊಡ್ಡ ಕಂಪನಿ, ಎಲ್ಲಿಗೆ ಹೋದೀತು ಎನ್ನುತ್ತೀರಾ? ಯಾಹೂ 2009ರಲ್ಲಿ ಜಿಯೋಸಿಟೀಸ್ ಮುಚ್ಚಿದಾಗ ಸಾಮಾನ್ಯರು ಕಟ್ಟಿದ ಲಕ್ಷಾಂತರ ಪುಟಗಳು ಅಲ್ಲಿಂದ ಅಳಿಸಿಹೋದವು.

ಹಣ ಕಟ್ಟುವ ಮುಂಚೆ ಒಂದು ಪರೀಕ್ಷೆ ಮಾಡಿ. ತಲೆಬರಹದ ಜಾಗದಲ್ಲಿ ಸ್ವಾತಂತ್ರ್ಯ, ರಾಷ್ಟ್ರ, ಕರ್ನಾಟಕ ಎಂದು ದಪ್ಪಕ್ಷರದಲ್ಲಿ ಎರಡು ಸಾಲು ಟೈಪ್ ಮಾಡಿ, ಫೋನಿನಲ್ಲಿ ನೋಡಿ. ಇಂಗ್ಲಿಷಿನ ಅಳತೆಗೆ ಹೊಲಿದ ಟೆಂಪ್ಲೇಟಿನಲ್ಲಿ ಸಾಲಿನ ಅಂತರ ಬಿಗಿ. ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆ ಮೇಲೆ ಕಾಲಿಡುತ್ತದೆ, ಇಲ್ಲವೇ ಕಾಲೇ ಕತ್ತರಿಸಿ ಹೋಗುತ್ತದೆ! ಅಂತರ ಹೆಚ್ಚಿಸಲು ಬಿಡದ ಬಿಲ್ಡರ್ ನಮಗೆ ಬೇಡ. ನೋಟೋ ಸಾನ್ಸ್ ಕನ್ನಡ, ತಿರೋ ಕನ್ನಡ, ಅನೇಕ್ ಕನ್ನಡದಂಥ ಉಚಿತ ಫಾಂಟುಗಳು ಅಲ್ಲಿ ಸಿಗುತ್ತವೆಯೇ? ಸೈಟಿನ ಭಾಷೆ ಕನ್ನಡ ಎಂದು ನಮೂದಿಸಲು ಜಾಗವಿದೆಯೇ? ಇಲ್ಲದಿದ್ದರೆ ಅವರಿಗೆ ದೂರು ಬರೆಯಿರಿ, ಕನ್ನಡದಲ್ಲೇ.

ಇನ್ನು ಡೊಮೇನ್ ಹೆಸರು. ಕನ್ನಡ ಲಿಪಿಯಲ್ಲೇ .ಭಾರತ ಎಂಬ ವಿಳಾಸವೂ ಉಂಟು, ಬೇಕಾದರೆ ಅದನ್ನೇ ತೆಗೆದುಕೊಳ್ಳಿ. ಯಾವುದನ್ನೇ ತೆಗೆದುಕೊಂಡರೂ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ನೋಂದಾಯಿಸಿ. ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಮಾತ್ರ ಬೇಡ. ನಾಳೆ ಅವನು ದುಬೈಗೆ ಹೊರಟರೆ ನಿಮ್ಮ ಬೋರ್ಡೂ ಅವನ ಜೊತೆಗೇ ವಿಮಾನ ಹತ್ತುತ್ತದೆ!