ತರಚಿದ ಮೊಣಕಾಲು ಮತ್ತು ಎರಡು ಸಾಲಿನ ಚೀಟಿ

ಮಧ್ಯಾಹ್ನದ ಬಿಡುವಿನ ವೇಳೆ ಮೂರನೇ ತರಗತಿಯ ಬಾಲಕನೊಬ್ಬ ಓಡುವ ಭರದಲ್ಲಿ ಎಡವಿ ಬೀಳುತ್ತಾನೆ. ಮೊಣಕಾಲು ತರಚುತ್ತದೆ, ಹಣೆ ನೆಲಕ್ಕೆ ತಾಗುತ್ತದೆ. ಶಿಕ್ಷಕಿ ಧಾವಿಸಿ ಬಂದು ಎಬ್ಬಿಸುತ್ತಾರೆ, ಮಣ್ಣು ಒರೆಸುತ್ತಾರೆ. ಬಳಿಕ ಮೆಲ್ಲನೆ ಒಂದು ಮಾತು: ‘ಏನೂ ಆಗಿಲ್ಲ, ಮನೆಯಲ್ಲಿ ಹೇಳಬೇಡ.’ ಬಾಲಕ ತಲೆಯಾಡಿಸುತ್ತಾನೆ. ಹೇಳಿದರೆ ‘ಕಣ್ಣು ಎಲ್ಲಿತ್ತು?’ ಎಂಬ ಗದರಿಕೆ ಕಾದಿದೆಯೆಂಬುದು ಅವನಿಗೂ ಗೊತ್ತು.

ನಮ್ಮ ಪಟ್ಟಣಗಳ ಶಾಲೆಗಳಲ್ಲಿ ಇದು ಅಪರೂಪದ ದೃಶ್ಯವಲ್ಲ. ಇಲ್ಲಿ ಗಾಯಕ್ಕಿಂತ ಗಂಭೀರವಾದುದು ಆ ಪಿಸುಮಾತು. ತಲೆಗೆ ಬಿದ್ದ ಏಟಿನ ಪರಿಣಾಮ ಎಷ್ಟೋ ಸಲ ತಕ್ಷಣ ಕಾಣಿಸಿಕೊಳ್ಳುವುದಿಲ್ಲ. ಆದ್ದರಿಂದಲೇ ವೈದ್ಯರು ಮಗುವಿನ ಮೇಲೆ 24ರಿಂದ 48 ಗಂಟೆಗಳ ಕಾಲ ನಿಗಾ ಇಡಲು ಹೇಳುತ್ತಾರೆ. ಪದೇ ಪದೇ ವಾಂತಿ, ಅಸಹಜ ಮಂಪರು, ಹೆಚ್ಚುತ್ತಿರುವ ತಲೆನೋವು, ಮಾತಿನಲ್ಲಿ ಗೊಂದಲ, ಸೆಳೆತ, ಕಿವಿ ಅಥವಾ ಮೂಗಿನಿಂದ ತಿಳಿನೀರಿನಂತಹ ಸ್ರಾವ - ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆದರೆ ಶಾಲೆ ಬಿಟ್ಟ ಮೇಲೆ ಈ ನಿಗಾ ಇಡಬೇಕಾದವರು ಯಾರು? ತಾಯಿ. ಮಗ ಬಿದ್ದಿದ್ದಾನೆಂಬುದೇ ಆಕೆಗೆ ಗೊತ್ತಿಲ್ಲದಿದ್ದರೆ, ಸಂಜೆ ಏಳಕ್ಕೇ ತೂಕಡಿಸುವ ಮಗನನ್ನು ಕಂಡು ಆಡಿ ದಣಿದಿದ್ದಾನೆಂದು ಭಾವಿಸಿ ಹೊದಿಕೆ ಹೊದಿಸಿ ಮಲಗಿಸುತ್ತಾಳೆ. ಆಕೆಯದ್ದೇನು ತಪ್ಪು?

ಹಾಗಂತ ಶಿಕ್ಷಕಿಯನ್ನಷ್ಟೇ ದೂರುವುದು ನ್ಯಾಯವಲ್ಲ. ಆ ಮಾತನ್ನು ಅವರ ಬಾಯಿಂದ ಆಡಿಸಿದ್ದು ಭಯ. ಸಣ್ಣ ಗಾಯಕ್ಕೂ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಶಾಲೆಗೆ ನುಗ್ಗುವ, ಮುಖ್ಯೋಪಾಧ್ಯಾಯರ ಮೇಜು ಗುದ್ದುವ, ಮಗುವಿನ ಫೋಟೋವನ್ನು ವಾಟ್ಸಪ್ ಗುಂಪುಗಳಿಗೆ ಹರಿಯಬಿಡುವ ಹೆತ್ತವರು ನಮ್ಮ ನಡುವೆಯೂ ಇದ್ದಾರೆ. ಇನ್ನೊಂದು ಮಗು ತಳ್ಳಿದ್ದರಿಂದ ಗಾಯವಾಗಿದ್ದರಂತೂ ಮೊದಲು ಕೇಳುವುದು ಆ ಮಗುವಿನ ಹೆಸರನ್ನು. ಹೆಸರು ತಿಳಿದೊಡನೆ ಅದರ ಧರ್ಮವೂ ತಿಳಿಯುತ್ತದೆ. ಅಷ್ಟರಲ್ಲಿ ಆ ಇಬ್ಬರು ಮಕ್ಕಳು ರಾಜಿಯಾಗಿ ಒಂದೇ ಬೆಂಚಿನಲ್ಲಿ ಕೂತು ಪೆನ್ಸಿಲ್ ಹಂಚಿಕೊಂಡಿರುತ್ತಾರೆ. ಎಂಟು ವರ್ಷದ ಮಕ್ಕಳ ತಳ್ಳಾಟವನ್ನು ಊರಿನ ಸಮಸ್ಯೆಯಾಗಿಸಲು ಹೊರಗೆ ಕಾದಿರುವವರಿಗೆ ನಾವೇಕೆ ಅವಕಾಶ ಕೊಡಬೇಕು? ತಳ್ಳಿದ ಮಗುವಿಗೆ ಬೆತ್ತದ ಏಟು ಕೊಡಿಸಿ ಸಮಾಧಾನಪಡುವುದೂ ಸರಿಯಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ವಿಧಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ.

ಮನೆಮದ್ದಿನ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ತರಚುಗಾಯಕ್ಕೆ ಕಾಫಿ ಪುಡಿ, ಸುಣ್ಣ, ಅರಿಶಿನ ಮೆತ್ತುವ ರೂಢಿ ಶಾಲೆಗಳಲ್ಲೂ ಮನೆಗಳಲ್ಲೂ ಇನ್ನೂ ಅಳಿದಿಲ್ಲ. ಕೈತೊಳೆದುಕೊಂಡು ನಲ್ಲಿಯ ಹರಿಯುವ ಶುದ್ಧ ನೀರಿನಿಂದ ಗಾಯವನ್ನು ಚೆನ್ನಾಗಿ ತೊಳೆದು, ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು, ಪಟ್ಟಿ ಹಾಕಿದರೆ ಹೆಚ್ಚಿನ ತರಚುಗಾಯಗಳಿಗೆ ಅಷ್ಟು ಸಾಕು. ಮೂಗಿನಿಂದ ರಕ್ತ ಬಂದರೆ ತಲೆಯನ್ನು ಹಿಂದಕ್ಕೆ ವಾಲಿಸಬಾರದು. ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೆದುಭಾಗವನ್ನು 10 ನಿಮಿಷ ಬಿಡದೆ ಅದುಮಿ ಹಿಡಿಯಬೇಕು. ಬಿದ್ದ ಹಲ್ಲು ಶಾಶ್ವತ ಹಲ್ಲಾಗಿದ್ದರೆ ಬೇರು ಮುಟ್ಟದೆ ಎತ್ತಿ ಹಾಲಿನಲ್ಲಿ ಹಾಕಿ ಕೂಡಲೇ ದಂತವೈದ್ಯರ ಬಳಿಗೆ ಧಾವಿಸಬೇಕು. ಧನುರ್ವಾಯು ಲಸಿಕೆಯ ವಿಚಾರವೂ ಇದೆ. ಸರಕಾರಿ ಲಸಿಕಾ ಪಟ್ಟಿಯಂತೆ 5-6ನೇ ವಯಸ್ಸಿನಲ್ಲಿ ಡಿಪಿಟಿ, 10 ಮತ್ತು 16ನೇ ವಯಸ್ಸಿನಲ್ಲಿ ಟಿಡಿ ಉಚಿತವಾಗಿ ಸಿಗುತ್ತದೆ. ನಮ್ಮ ಮಕ್ಕಳ ಲಸಿಕೆ ಕಾರ್ಡು ಎಲ್ಲಿದೆಯೆಂಬುದು ನಮ್ಮಲ್ಲಿ ಎಷ್ಟು ಮಂದಿ ತಂದೆಯಂದಿರಿಗೆ ಗೊತ್ತು?

ಶಾಲೆಗಳಿಂದ ನಾವು ಕೇಳುವುದು ಹೆಚ್ಚೇನಲ್ಲ. ಎಷ್ಟು ಹೊತ್ತಿಗೆ ಬಿದ್ದ, ಎಲ್ಲಿ ಏಟಾಯಿತು, ಏನು ಉಪಚಾರ ಮಾಡಲಾಯಿತು ಎಂಬ ಎರಡು ಸಾಲು ಮಗುವಿನ ಡೈರಿಯಲ್ಲಿ ಇರಲಿ. ತಲೆಗೆ ಏಟಾಗಿದ್ದರೆ ಅದೇ ಗಳಿಗೆಯಲ್ಲಿ ಫೋನ್ ಬರಲಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆಯೆಂದರೆ ಸಾಲದು. ಅದರ ಕೀಲಿ ಸಭೆಗೆ ಹೋದ ಮುಖ್ಯೋಪಾಧ್ಯಾಯರ ಜೇಬಿನಲ್ಲಿದ್ದರೆ ಪೆಟ್ಟಿಗೆಯಿದ್ದು ಫಲವೇನು? ಹೆತ್ತವರು ಪ್ರತಿಯಾಗಿ ಕೊಡಬೇಕಾದುದು ಒಂದೇ. ಸತ್ಯ ಹೇಳಿದ ಶಿಕ್ಷಕಿಯ ಮೇಲೆ ಎಗರಾಡದಿರುವುದು. ಸತ್ಯ ಹೇಳಿದವರಿಗೆ ಬೈಗುಳ, ಮುಚ್ಚಿಟ್ಟವರಿಗೆ ನೆಮ್ಮದಿ ಎಂದಾದರೆ ನಾಳೆ ಯಾರೂ ಸತ್ಯ ಹೇಳುವುದಿಲ್ಲ.

ಇನ್ನು ಹೆಣ್ಣು ಮಕ್ಕಳ ವಿಚಾರ. ಹುಡುಗ ಬಿದ್ದರೆ ಮರುದಿನ ಮತ್ತೆ ಮೈದಾನದಲ್ಲಿರುತ್ತಾನೆ. ಹುಡುಗಿಯ ಮೊಣಕೈ ತರಚಿದರೆ ‘ಗುರುತು ಉಳಿದರೆ ಗತಿಯೇನು, ಆಟ ಸಾಕು’ ಎಂಬ ತೀರ್ಪು ಹೊರಬೀಳುತ್ತದೆ. ಹತ್ತರ ಹರೆಯದಲ್ಲೇ ಅವಳ ಓಟ ನಿಲ್ಲುತ್ತದೆ. ಅತ್ತ ಶಾಲೆಯೂ ರಗಳೆ ಬೇಡವೆಂದು ಬಿಡುವಿನ ವೇಳೆ ಎಲ್ಲರನ್ನೂ ತರಗತಿಯೊಳಗೆ ಕೂಡಿಹಾಕುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಶಾಲೆಗೆ ಇರಲೇಬೇಕಾದ ಸೌಕರ್ಯಗಳಲ್ಲಿ ಆಟದ ಮೈದಾನವನ್ನೂ ಸೇರಿಸಿದೆ. ಹುಡುಗಿಯರು ಅದರಿಂದ ಹೊರಗೆಂದು ಅಲ್ಲಿ ಎಲ್ಲೂ ಬರೆದಿಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿ ನೋಡಿ ಹಿಂದಿರುಗುವ ಮುನ್ನ, ಮಗಳು ವಾರಕ್ಕೆ ಎಷ್ಟು ದಿನ ಆ ಮೈದಾನಕ್ಕೆ ಇಳಿಯುತ್ತಾಳೆಂದು ಒಮ್ಮೆ ವಿಚಾರಿಸಿ.