ಟಿಲ್ಲರ್ ಹಿಡಿಯಾಕ ಮನುಷ್ಯಾರು ಬ್ಯಾಡ, ಬೆಲ್ಟ್ ಬೇಕು

ಬಿತ್ತನೆ ಹಂಗಾಮು ಬಂತೆಂದರೆ ಮನೋಳಿ ಸುತ್ತಲಿನ ರಸ್ತೆಗಳಲ್ಲಿ ಪಿಕಪ್ ಗಾಡಿಗಳ ಹಿಂದೆ ಪವರ್ ಟಿಲ್ಲರ್, ಮಿನಿ ಟ್ರ್ಯಾಕ್ಟರ್ ಕಾಣುತ್ತವೆ. ಬಾಡಿಗೆಗೋ ರಿಪೇರಿಗೋ ಹೊರಟಿರುತ್ತವೆ. ಹ್ಯಾಂಡಲ್‌ಗೆ ಒಂದು ನೈಲಾನ್ ಹಗ್ಗ. ಪಕ್ಕದಲ್ಲಿ ಇಬ್ಬರು ಹುಡುಗರು, "ಅಳ್ಳಾಡದಂಗ ಹಿಡಕೊಂಡ ಕುಂದರ್ರಿ" ಅಂತ ಹತ್ತಿಸಿದವರು.

ನಮ್ಮ ಮಾತು ಈ ಇಬ್ಬರು ಹುಡುಗರ ಬಗ್ಗೆ. ಯಂತ್ರದ ಜೊತೆ ಹಿಂದೆ ಯಾರೂ ಕೂರಬಾರದು. ಮನುಷ್ಯ ಹಿಡಿದರೆ ಮಾತ್ರ ನಿಲ್ಲುತ್ತದೆ ಎಂದರೆ ಯಂತ್ರವನ್ನು ಸರಿಯಾಗಿ ಕಟ್ಟಿಲ್ಲ ಎಂದೇ ಅರ್ಥ. ಅಂಥ ಗಾಡಿ ಹೊರಡಲೇಬಾರದು.

ಲೆಕ್ಕ ಹಾಕಿ ನೋಡಿ. ರೋಟರಿ ಸೇರಿ ಟಿಲ್ಲರ್ ತೂಕ ಸುಮಾರು 400ರಿಂದ 500 ಕೆ.ಜಿ. ಎಮ್ಮೆ ಅಡ್ಡ ಬಂತು, ಡ್ರೈವರ್ ಜೋರಾಗಿ ಬ್ರೇಕ್ ಒತ್ತಿದ ಅನ್ನಿ. ಸರಕಿನ ತೂಕದ ಶೇ 80ರಷ್ಟು ಬಲ ಮುಂದಕ್ಕೆ ನುಗ್ಗಿದರೂ, ಶೇ 50ರಷ್ಟು ಪಕ್ಕಕ್ಕೆ ಅಥವಾ ಹಿಂದಕ್ಕೆ ಎಳೆದರೂ ತಡೆಯುವಂತೆ ಕಟ್ಟಬೇಕು ಎನ್ನುತ್ತದೆ ಯುರೋಪಿನ ಮಾನದಂಡ. 500 ಕೆ.ಜಿ. ಟಿಲ್ಲರ್‌ಗೆ ಅದು 400 ಕೆ.ಜಿ., ಅಂದರೆ ಎಂಟು ಸಿಮೆಂಟ್ ಚೀಲದ ಭಾರ ಒಮ್ಮೆಲೇ ಮೈಮೇಲೆ ಬಂದಂತೆ. ಯಾವ ಪೈಲ್ವಾನನ ಕೈಯೂ ಅದನ್ನು ತಡೆಯದು. ಹುಡುಗ ಟಿಲ್ಲರ್‌ಗೂ ಕ್ಯಾಬಿನ್‌ಗೂ ನಡುವೆ ಸಿಕ್ಕಿಕೊಳ್ಳುತ್ತಾನೆ.

ಸರಕಿನ ಗಾಡಿಯ ಹಿಂಭಾಗ ಮನುಷ್ಯರಿಗಾಗಿ ಮಾಡಿದ್ದಲ್ಲ ಎಂಬುದು ನಮ್ಮ ಭಾಗಕ್ಕೆ ಗೊತ್ತಿಲ್ಲದ್ದೇನಲ್ಲ. 2023ರ ಜನವರಿಯಲ್ಲಿ ರಾಮದುರ್ಗ ತಾಲೂಕಿನ ಚುಂಚನೂರ ಬಳಿ, ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದ ಭಕ್ತರಿದ್ದ ಗೂಡ್ಸ್ ಗಾಡಿ ಆಲದ ಮರಕ್ಕೆ ಬಡಿದು ಆರು ಜನ ತೀರಿಕೊಂಡರು. ಆ ಗಾಡಿಯಲ್ಲಿ ಯಂತ್ರ ಇರಲಿಲ್ಲ. ಜನರ ಜೊತೆ ಅರ್ಧ ಟನ್ ಕಬ್ಬಿಣವೂ ಇದ್ದರೆ ಏನಾದೀತು?

ಇನ್ಶೂರೆನ್ಸ್ ಮಾತೂ ಕೇಳಿ. ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಸರಕಿನ ಗಾಡಿಯಲ್ಲಿ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ರಕ್ಷಣೆ ಕೊಟ್ಟಿತು. ಆದರೆ ಅವನು ಕ್ಯಾಬಿನ್‌ನಲ್ಲಿ ಕೂತಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಪುಕ್ಕಟೆ ಹತ್ತಿಸಿಕೊಂಡವರಿಗೆ ಕಂಪನಿ ಹೊಣೆಯಲ್ಲ ಎಂದು 2002ರಲ್ಲೇ ತೀರ್ಪಾಗಿದೆ. ಹಿಂದೆ ಕೂತ ಹುಡುಗನಿಗೆ ಏನಾದರೂ ಆದರೆ ಪರಿಹಾರದ ಭಾರ ಗಾಡಿ ಮಾಲೀಕನ ಮನೆ ಮೇಲೆ ಬೀಳಬಹುದು.

ಹಾಗಾದರೆ ಒಯ್ಯುವುದು ಹೇಗೆ?

ಮೊದಲು ತೂಕ ನೋಡಿ. ಸಣ್ಣ ಮಿನಿ ಟ್ರ್ಯಾಕ್ಟರ್ ಸುಮಾರು 800 ಕೆ.ಜಿ. ತೂಗುತ್ತದೆ. ಛೋಟಾ ಹಾಥಿಯಂಥ ಗಾಡಿ ಹೊರುವುದು ಸುಮಾರು 750 ಕೆ.ಜಿ. ಅದಕ್ಕೆ ದೊಡ್ಡ ಪಿಕಪ್ಪೇ ಬೇಕು. ನಿಮ್ಮ ಗಾಡಿ ಎಷ್ಟು ಹೊರುತ್ತದೆ ಎಂದು ಆರ್‌ಸಿಯ ತೂಕ ನೋಡಿ ಲೆಕ್ಕ ಹಾಕಿ.

ಹತ್ತಿಸುವಾಗ ಉದ್ದನೆಯ, ಗಟ್ಟಿ ಹಲಗೆ ಬಳಸಿ. ಹಲಗೆ ಜಾರದಂತೆ ಅದನ್ನೂ ಗಾಡಿಗೆ ಕಟ್ಟಿ. ದಿಬ್ಬಕ್ಕೆ ಹಿಂಬದಿ ಹಚ್ಚಿ ನಿಲ್ಲಿಸಿದರೆ ಇನ್ನೂ ಚಲೋ. ಹಲಗೆ ಮೇಲೆ ಟಿಲ್ಲರ್‌ನ ಸ್ಟೇರಿಂಗ್ ಕ್ಲಚ್ ಹಿಡಿಯಬೇಡಿ, ಇಳಿಜಾರಿನಲ್ಲಿ ಅದು ಉಲ್ಟಾ ತಿರುಗುತ್ತದೆ. ಯಂತ್ರದ ಹಿಂದೆ ಯಾರೂ ನಿಲ್ಲಬಾರದು.

ಹತ್ತಿಸಿದ ಮೇಲೆ ಎಂಜಿನ್ ಬಂದ್ ಮಾಡಿ, ಗೇರಿನಲ್ಲಿ ಬಿಡಿ, ಬ್ರೇಕ್ ಇದ್ದರೆ ಹಾಕಿ. ಗಾಲಿಗಳ ಹಿಂದೆ ಮುಂದೆ ಕಟ್ಟಿಗೆಯ ಅಡೆ ಕೊಡಿ. ನಂತರ ನಾಲ್ಕು ಮೂಲೆಗೆ ನಾಲ್ಕು ರ್‍ಯಾಚೆಟ್ ಬೆಲ್ಟ್. ಹ್ಯಾಂಡಲ್‌ಗೋ ಮಡ್‌ಗಾರ್ಡ್‌ಗೋ ಕಟ್ಟಬೇಡಿ. ಚಾಸಿ ಅಥವಾ ಅಚ್ಚಿಗೆ ಕಟ್ಟಿ, ಇನ್ನೊಂದು ತುದಿಯನ್ನು ಗಾಡಿಯ ಗಟ್ಟಿ ಕೊಂಡಿಗೆ ಹಾಕಿ. ಹಿಂದಿನ ಡಾಲಾ ಮೇಲೆ ಭಾರ ಬೀಳದಿರಲಿ. ಬೆಲ್ಟ್ ಎಷ್ಟು ತಡೆಯುತ್ತದೆ ಎಂದು ಅದರ ಚೀಟಿಯಲ್ಲೇ ಬರೆದಿರುತ್ತದೆ, ಓದಿ ಕೊಳ್ಳಿ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ. ಎರಡು ಮೂರು ಕಿ.ಮೀ. ಹೋದ ಮೇಲೆ ಒಮ್ಮೆ ನಿಲ್ಲಿಸಿ, ಸಡಿಲಾಗಿದ್ದರೆ ಮತ್ತೆ ಬಿಗಿ ಮಾಡಿ.

"ಇಲ್ಲೇ ಬಾಜೂಕ ಹೊಂಟೇವಿ, ಇಷ್ಟೆಲ್ಲಾ ಯಾಕ್ರೀ?" ಅಂತ ನೀವು ಕೇಳಬಹುದು. ಬ್ರೇಕ್ ಒತ್ತುವುದಕ್ಕೆ ದೂರ ಬೇಕಾಗಿಲ್ಲ, ಒಂದು ಗುಂಡಿ ಸಾಕು. ಬೆಲ್ಟ್ ಖರ್ಚು ಎನ್ನುವವರಿಗೆ ನಮ್ಮ ಉತ್ತರ: ಒಮ್ಮೆ ಕೊಂಡರೆ ಹಲವು ಹಂಗಾಮು ಬರುತ್ತದೆ.

ಈ ಹೊಣೆ ರೈತನೊಬ್ಬನದೇ ಅಲ್ಲ. ಯಂತ್ರ ಮಾರುವ ಅಂಗಡಿಯವರು ಟಿಲ್ಲರ್ ಜೊತೆ ನಾಲ್ಕು ಬೆಲ್ಟ್ ಕೊಡಲಿ, ಕಟ್ಟುವುದನ್ನೂ ತೋರಿಸಲಿ. ಕೃಷಿ ಯಂತ್ರಧಾರೆ ಕೇಂದ್ರಗಳು, ಊರಿನ ಸಹಕಾರಿ ಸಂಘಗಳು ಒಂದು ಜೋಡಿ ಹಲಗೆ, ಬೆಲ್ಟ್ ಇಟ್ಟುಕೊಂಡು ಬಾಡಿಗೆಗೆ ಕೊಡಲಿ. ಪಿಕಪ್ ಡ್ರೈವರ್‌ಗಳು "ಹಿಂದ ಯಾರೂ ಹತ್ತಂಗಿಲ್ಲ" ಎಂದು ಖಡಕ್ಕಾಗಿ ಹೇಳಲಿ. ಹಾಗೆ ಹೇಳುವ ಡ್ರೈವರ್‌ಗೇ ನಾವು ಬಾಡಿಗೆ ಕೊಡೋಣ.

ಟಿಲ್ಲರ್ ಬಿದ್ದರೆ ರಿಪೇರಿ ಆಗುತ್ತದೆ. ಅದನ್ನು ಹಿಡಿಯಲು ಹೋದ ಹುಡುಗನಿಗೆ ರಿಪೇರಿ ಇಲ್ಲ.