ಥರ್ಮಾಕೋಲಿನ ಬ್ರಹ್ಮಾಂಡ

ಹಳೆಯ ವೈಜ್ಞಾನಿಕ ಸೀರಿಯಲ್ ಒಂದನ್ನು ಈಗಿನ ಹುಡುಗರಿಗೆ ತೋರಿಸಿ ನೋಡಿ. ಎರಡೇ ನಿಮಿಷ, ಹೊಟ್ಟೆ ಹಿಡಿದುಕೊಂಡು ನಗ್ತಾರೆ. ಬಂಡೆಗೆ ಕೈ ತಾಗಿದರೆ ಅಲುಗಾಡುತ್ತೆ, ಬೇರೆ ಗ್ರಹದ ರಾಕ್ಷಸ ರಬ್ಬರ್ ಅಂಗಿ ತೊಟ್ಟಿದ್ದಾನೆ ಅಂತ ದೂರದಿಂದಲೇ ಗೊತ್ತಾಗುತ್ತೆ. ನಗಲಿ ಬಿಡಿ, ನನಗೂ ನಗು ಬರುತ್ತೆ. ಆದರೆ ಆ ಬಡತನದಲ್ಲೇ ಒಂದು ಸೊಗಸು ಇತ್ತು ಅನ್ನುವುದು ನನ್ನ ವಾದ.

'ಸ್ಟಾರ್ ಟ್ರೆಕ್' ತಗೊಳ್ಳಿ. ಅಮೆರಿಕದಲ್ಲಿ 1966ರಿಂದ 1969ರವರೆಗೆ 79 ಕಂತು ಬಂತು. ನಮ್ಮ ತಲೆಮಾರಿಗೆ ಅದು ಸಿಕ್ಕಿದ್ದು ಎಂಬತ್ತರ ದಶಕದಲ್ಲಿ, ದೂರದರ್ಶನದ ದಯೆಯಿಂದ. ಪ್ರತಿ ವಾರ ಗಗನನೌಕೆಯನ್ನು ಹೊಸ ಗ್ರಹದ ಮೇಲೆ ಇಳಿಸಿ ತೋರಿಸುವಷ್ಟು ದುಡ್ಡು ಅವರ ಹತ್ತಿರ ಇರಲಿಲ್ಲ. ಅದಕ್ಕೇ ಮನುಷ್ಯರನ್ನು ಇಲ್ಲಿ ಮಾಯ ಮಾಡಿ ಅಲ್ಲಿ ಪ್ರತ್ಯಕ್ಷ ಮಾಡುವ ಯಂತ್ರ ಕಲ್ಪಿಸಿಕೊಂಡರು. ಆ ಮಿಣಮಿಣ ಮಿಂಚು ಏನು ಗೊತ್ತೇ? ಬೆಳಕಿನಲ್ಲಿ ಉದುರಿಸಿದ ಅಲ್ಯೂಮಿನಿಯಂ ಪುಡಿ! ಡಾಕ್ಟರ್ ಮೆಕಾಯ್ ರೋಗಿಯ ಮೇಲೆ ಆಡಿಸುತ್ತಿದ್ದ ಕೆಲವು ಉಪಕರಣಗಳು ಊಟದ ಮೇಜಿನ ಉಪ್ಪಿನ ಡಬ್ಬಿಗಳು. ಬ್ರಿಟನ್ನಿನಲ್ಲಿ 1963ರಲ್ಲಿ ಶುರುವಾದ 'ಡಾಕ್ಟರ್ ಹೂ'ನ ಡಾಲೆಕ್‌ಗಳ ಕೈಯಂತೂ ಸಿಂಕ್ ಕಟ್ಟಿಕೊಂಡಾಗ ಒತ್ತುತ್ತೀವಲ್ಲ, ಅದೇ ರಬ್ಬರ್ ಬಟ್ಟಲು.

ನಮ್ಮವರೇನು ಕಡಿಮೆ? 1989ರಲ್ಲಿ 'ಇಂದ್ರಧನುಷ್' ಬಂತು. ಮಕ್ಕಳು, ಕಂಪ್ಯೂಟರ್, ಕಾಲಯಾನ. ಬಾಲಕ ಕರಣ್ ಜೋಹರ್ ಅದರಲ್ಲಿದ್ದ. 1997ರಿಂದ 2005ರವರೆಗೆ ಮುಕೇಶ್ ಖನ್ನಾ 'ಶಕ್ತಿಮಾನ್' ಆಗಿ ಗಿರಗಿರ ತಿರುಗಿದರು. 1998ರಲ್ಲಿ ಕೇತನ್ ಮೆಹ್ತಾ ಅವರ 'ಕ್ಯಾಪ್ಟನ್ ವ್ಯೋಮ್'ನಲ್ಲಿ ಮಿಲಿಂದ್ ಸೋಮನ್ ಬಾಹ್ಯಾಕಾಶಕ್ಕೆ ಹೊರಟರು. ಡೊಂಬಿವಲಿ, ಕಲ್ಯಾಣದ ಒಂದು ಕೋಣೆಯ ಮನೆಗಳಿಂದ ನಮ್ಮ ಮಕ್ಕಳೂ ಅವರ ಜೊತೆ ಹೊರಟಿದ್ದರು.

ಇದೆಲ್ಲ ನಮಗೆ ಯಾಕೆ ಹಿಡಿಸಿತು? ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸದೇ ಅಲ್ಲ. ಇಬ್ಬರು ಒಂದು ಬಟ್ಟೆ ಹಿಡಿದು ನಿಂತರೆ ಅದು ತೆರೆ. ವೇಷಧಾರಿ ರಂಗಸ್ಥಳಕ್ಕೆ ನಾಲ್ಕು ಸುತ್ತು ಬಂದರೆ ಸ್ವರ್ಗದಿಂದ ಭೂಮಿಗೆ ಬಂದ ಹಾಗೆ. ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಠಾಣೆಯ ಗಣಪತಿ ಮಂಡಲಗಳಲ್ಲಿ ವರ್ಷಗಟ್ಟಲೆ ಥರ್ಮಾಕೋಲಿನ ಹಿಮಾಲಯ ನೋಡಿ ಕೈ ಮುಗಿದವರು ನಾವು. 2018ರಲ್ಲಿ ಸರ್ಕಾರ ಥರ್ಮಾಕೋಲ್ ಅಲಂಕಾರಕ್ಕೆ ನಿಷೇಧ ಹಾಕಿದ ಮೇಲೆ ಕಾರ್ಡ್‌ಬೋರ್ಡು, ಬಟ್ಟೆ ಬಂತು, ಭಕ್ತಿಯೇನೂ ಕಡಿಮೆಯಾಗಲಿಲ್ಲ. ಈಗಿನ ಗ್ರಾಫಿಕ್ಸ್ ಎಲ್ಲವನ್ನೂ ತಾನೇ ತೋರಿಸಿಬಿಡುತ್ತೆ, ನೋಡುವವನಿಗೆ ಕೆಲಸವೇ ಇಲ್ಲ.

ಇನ್ನು ಅಸಲು ಮಾತಿಗೆ ಬರ್ತೀನಿ. ನಮ್ಮ ಮಕ್ಕಳು ನಕ್ಷತ್ರಲೋಕ ನೋಡಿದ್ದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಮರಾಠಿ ಮಕ್ಕಳಿಗೆ ಜಯಂತ ನಾರಳೀಕರರ ಕಥೆಗಳಿದ್ದವು. 2025ರಲ್ಲಿ ಅವರು ತೀರಿಕೊಂಡಾಗ ಇಲ್ಲಿ ತಮ್ಮ ಮನೆಯವರೇ ಹೋದಂತೆ ನೊಂದವರನ್ನು ನೋಡಿದೆ. ನಮ್ಮ ಮನೆಗಳಲ್ಲಿ ಕನ್ನಡ ಉಳಿದದ್ದು ಅಡಿಗೆಮನೆಗೆ, ದೇವರ ಮನೆಗೆ, ಊರಿನ ಫೋನಿಗೆ. ಅಂದರೆ ಕನ್ನಡ ಹಿಂದಿನದು, ಭವಿಷ್ಯ ಬೇರೆ ಭಾಷೆಯದು ಅಂತ ನಾವೇ ಮಕ್ಕಳಿಗೆ ಹೇಳಿಕೊಟ್ಟ ಹಾಗಾಯಿತಲ್ಲ! ಆಮೇಲೆ ಅವರು ಕನ್ನಡ ಓದೋದಿಲ್ಲ ಅಂತ ಕೊರಗುತ್ತೇವೆ.

ಕನ್ನಡದಲ್ಲಿ ಸರಕಿಲ್ಲ ಅನ್ನಬೇಡಿ. 1968ರ 'ಜೇಡರ ಬಲೆ'ಯಲ್ಲೇ ರಾಜ್‌ಕುಮಾರ್ ಲೋಹವನ್ನು ಚಿನ್ನ ಮಾಡುವ ಸೂತ್ರದ ಬೆನ್ನು ಹತ್ತಿದ್ದರು. ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಥೆಗಳನ್ನು ಬರೆದಿಟ್ಟಿದ್ದಾರೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡ ಸಂಘದವರಿಗೆ ನನ್ನದೊಂದು ವಿನಂತಿ. ರಾಜ್ಯೋತ್ಸವದ ದಿನ ಭಜನೆ, ನೃತ್ಯ, ಸನ್ಮಾನ ಎಲ್ಲ ಇರಲಿ. ಅದರ ನಡುವೆ ಅರ್ಧ ಗಂಟೆ ಮಕ್ಕಳಿಗೆ ಕೊಡಿ. ರಟ್ಟಿನ ಗಗನನೌಕೆ ಮಾಡಲಿ, ಮಂಗಳ ಗ್ರಹದಲ್ಲಿ ಇಳಿದು ಕನ್ನಡದಲ್ಲಿ ಜಗಳವಾಡಲಿ. "ಇದು ನಮ್ಮ ಸಂಸ್ಕೃತಿಯಾ?" ಅಂತ ಯಾರಾದರೂ ಹಿರಿಯರು ಕೇಳಿಯೇ ಕೇಳ್ತಾರೆ. ಪುಷ್ಪಕ ವಿಮಾನ ಯಾರದ್ದು ಅಂತ ಕೇಳಿ ಸುಮ್ಮನಾಗಿಸಿ. ಬಜೆಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮೂವತ್ತು ವರ್ಷ ಸಾಲದ ಅರ್ಜಿ ನೋಡಿದವನು ಹೇಳ್ತಿದ್ದೀನಿ, ಇಷ್ಟು ಕಡಿಮೆ ಬಂಡವಾಳದ ಪ್ರಾಜೆಕ್ಟು ಇನ್ನೊಂದಿಲ್ಲ. ಉಪ್ಪಿನ ಡಬ್ಬಿ ಎಲ್ಲರ ಮನೆಯಲ್ಲೂ ಇದೆ.

ಬಂಡೆ ಅಲುಗಾಡಿದರೆ ಅಲುಗಾಡಲಿ, ಮಾತು ಕನ್ನಡದ್ದಾಗಿದ್ದರೆ ಸಾಕು. ಏನಂತೀರಿ?